ಗುಂಡುತೋಪಿಗೆ ನಾನು ಕತ್ತರಿ ಹಾಕಿದ್ದು

ಗಿಡಕ್ಕೂ ನನಗೂ ಆಗಿಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರೈತನ ಮನೆಯಲ್ಲಿ ಹುಟ್ಟಿದವನು ಹೀಗೆ ಹೇಳಬಾರದು, ನಿಜ. ಆದರೆ ನಾನು ನೆಟ್ಟ ಕರಿಬೇವು ಒಣಗಿತು, ನುಗ್ಗೆ ಕಂಬಳಿಹುಳುವಿನ ಪಾಲಾಯಿತು, ತುಳಸಿಯಂಥ ತುಳಸಿಯೇ ಮೂರು ಸಲ ಕೈಕೊಟ್ಟಿತು. "ನೀವು ನೀರು ಹಾಕೋದ ನಿಲ್ಸಿ, ಅವು ಹೆಂಗೋ ಬದುಕ್ಕತವೆ" ಎಂದು ನನ್ನ ಹೆಂಡತಿ ನಾಗರತ್ನ ಕೈಮುಗಿದು ಹೇಳಿದ್ದೂ ಉಂಟು. ಅದಕ್ಕೇ ಜಮೀನನ್ನು ಅಣ್ಣನಿಗೆ ಬಿಟ್ಟು, ಬಿಳಿಕೆರೆಯಿಂದ ಒಳಕ್ಕಿರುವ ನಮ್ಮೂರಿನ ಬಸ್‌ಸ್ಟಾಪಿನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡೆ. ಬಟ್ಟೆ ಬಾಡುವುದಿಲ್ಲ. ನನ್ನ ಕೈಯಲ್ಲಿ ಬದುಕಿ ಉಳಿದದ್ದು ಒಂದೇ ಒಂದು ಗಿಡ. ಲೈನಿಂಗ್ ಬಟ್ಟೆ ತರಲು ಮೈಸೂರಿಗೆ ಹೋದಾಗ ಒಂದು ನರ್ಸರಿಯಲ್ಲಿ ಕಂಡು, ಅಂಗಡಿ ಮುಂದೆ ಲಕ್ಷಣವಾಗಿರಲಿ ಎಂದು ಕುಂಡದ ಸಮೇತ ತಂದದ್ದು. ಪುಟ್ಟ ಪುಟ್ಟ ನೇರಳೆ ಹೂವಿನ ಗೊಂಚಲು, ಕುಂಡದಿಂದ ಕೆಳಕ್ಕೆ ಇಳಿಬೀಳುವ ಕೊಂಬೆ. ನರ್ಸರಿಯವನು ನಾಲಿಗೆಗೆ ಸಿಗದ ಏನೋ ಇಂಗ್ಲಿಷ್ ಹೆಸರು ಹೇಳಿದ್ದ. ವಾರಗಟ್ಟಲೆ ನೀರು ಮರೆತರೂ ಅದು ಬಾಡಲಿಲ್ಲ. ಮೇಕೆಗಳು ಕೂಡ ಮೂಸಿ ನೋಡಿ ಮರ್ಯಾದೆಯಿಂದ ಮುಂದಕ್ಕೆ ಹೋಗುತ್ತಿದ್ದವು. ಬ್ಲೌಸು ಹೊಲಿಸಲು ಬಂದವರಿಗೆಲ್ಲ ನಾನು ಅದನ್ನು ತೋರಿಸುತ್ತಿದ್ದೆ.

ಅಂಗಡಿಯ ಎದುರಿಗೇ ನಮ್ಮೂರ ಗುಂಡುತೋಪು. ಹೊಂಗೆ, ಹಿಪ್ಪೆ, ಬೇವು, ಎರಡು ಮುದಿ ಮಾವು. ಹಿಂದಿನವರು ದನಕ್ಕೂ ದಾರಿಹೋಕರಿಗೂ ನೆರಳಾಗಲಿ ಎಂದು ನೆಟ್ಟು ಊರಿಗೆಲ್ಲ ಬಿಟ್ಟುಹೋದ ಜಾಗ. ಊರಿಗೆಲ್ಲ ಸೇರಿದ್ದು ಎಂದರೆ ಯಾರೂ ನೋಡಿಕೊಳ್ಳದ್ದು ಎಂದೇ ಅರ್ಥವಲ್ಲವೇ. ನೋಡನೋಡುತ್ತ ಅದರೊಳಗೆಲ್ಲ ಕೆಂಪು ಹಳದಿ ಹೂವಿನ ಲಂಟಾನ ಪೊದೆ ಹಬ್ಬಿತು. ಮರಗಳು ಸೊಂಟದವರೆಗೆ ಮುಳ್ಳಿನಲ್ಲಿ ಹೂತುಹೋದವು. ಯುಗಾದಿಗೆ ಬೇವಿನ ಹೂ ಬೇಕೆಂದರೆ ಒಳಗೆ ಹೋಗಲು ದಾರಿಯಿಲ್ಲ, ಪಕ್ಕದೂರಿನಿಂದ ತರುವ ಹಾಗಾಯಿತು. ನಾನೂ ಅಂಗಡಿಯಲ್ಲಿ ಕೂತು ಮೆಷಿನ್ ತುಳಿಯುತ್ತ ಇದನ್ನೆಲ್ಲ ವರ್ಷಗಟ್ಟಲೆ ನೋಡಿದೆ. ನೋಡಿದ್ದಷ್ಟೇ.

ಈ ವರ್ಷ ಶಿವರಾತ್ರಿಗೆ ಮುಂಚೆ ಪುಟ್ಟಸ್ವಾಮಿ ಪ್ಯಾಂಟಿನ ಸೊಂಟ ಬಿಡಿಸಲು ಬಂದ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಈಗ ಪಂಚಾಯಿತಿ ಮೆಂಬರು. ಅಳತೆ ಕೊಡುತ್ತ ನಿಂತವನು ತೋಪಿನ ಕಡೆ ಗದ್ದ ತೋರಿಸಿ, "ಕಸದ ಶೆಡ್ಡು ಅಲ್ಲಿಗೇ ಬತ್ತದೆ ಕಣ್ಲಾ ನಿಂಗರಾಜ. ಯುಗಾದಿ ಕಳೀಲಿ, ಜೆಸಿಬಿ ತರುಸ್ತೀವಿ" ಎಂದ.

"ಅದು ಗುಂಡುತೋಪು ಕಣ್ಲಾ."

"ತೋಪು ಎಲ್ಲದೆ ತೋರ್ಸು. ಹಾವು, ಹಂದಿ, ಮುಳ್ಳು. ಹೊನ್ನಾರೇ ಅದ್ರೊಳಗೆ ಓಗೋದು ಬುಟ್ಟು ಎಷ್ಟು ವರ್ಸ ಆಯ್ತು?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ನನಗೆ ಉರಿದದ್ದು. ಹೊನ್ನಾರು ಎಂದರೆ ವರ್ಷದ ಮೊದಲ ಉಳುಮೆ. ಯುಗಾದಿ ದಿನ ಎತ್ತುಗಳನ್ನು ಸಿಂಗರಿಸಿ, ಪೂಜೆ ಮಾಡಿ, ಹೊಸ ಪಂಚಾಂಗದಲ್ಲಿ ಯಾರ ಹೆಸರಿಗೆ ಬಂದಿದೆಯೋ ಅವನ ಕೈಗೆ ನೇಗಿಲು ಕೊಟ್ಟು ಉಳುಮೆ ಮಾಡಿಸುತ್ತಾರೆ. ನಮ್ಮೂರಲ್ಲಿ ಹೊನ್ನಾರು ಮೊದಲು ತೋಪಿನೊಳಗೆ ಹಾದು, ಹಿಪ್ಪೆ ಮರ ಸುತ್ತಿ, ಆಮೇಲೆ ಹೊಲಕ್ಕಿಳಿಯಬೇಕು. ಮುಳ್ಳು ಬೆಳೆದ ಮೇಲೆ ಟಾರು ರಸ್ತೆಯಲ್ಲೇ ಬಳಸಿಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಪಂಚಾಂಗ ತಂದಿದ್ದ ಅಯ್ಯನವರು ಈ ಸಲ ಹೊನ್ನಾರು ನನ್ನ ಹೆಸರಿಗೇ ಬಂದಿದೆ ಎಂದರು. ಜೀವಮಾನದಲ್ಲಿ ನೇಗಿಲ ಮೇಣಿ ಹಿಡಿಯದ ನಾನು, ಟೀ ಅಂಗಡಿ ಮುಂದೆ ಹತ್ತು ಜನರೆದುರು, "ನನ್ನ ಹೊನ್ನಾರು ತೋಪಿನೊಳಗೇ ಹೋಗೋದು. ಹೋಗ್ಲಿಲ್ಲ ಅಂದ್ರೆ ಶೆಡ್ಡು ಕಟ್ಕಳಿ" ಎಂದುಬಿಟ್ಟೆ. ಅಲ್ಲೇ ಟೀ ಕುಡಿಯುತ್ತಿದ್ದ ಪುಟ್ಟಸ್ವಾಮಿ ಅದೇ ಕ್ಷಣ ಒಪ್ಪಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಶಿವರಾತ್ರಿ ಜಾಗರಣೆಯ ಮಾರನೆಯ ದಿನವೇ ಮಚ್ಚು ಹಿಡಿದು ಇಳಿದೆ. ಮೊದಲ ದಿನ ನಾನೊಬ್ಬನೇ. ಎರಡನೆಯ ದಿನ ನನ್ನ ಅವಸ್ಥೆ ನೋಡಲು ಬಂದವರು ಮನಸ್ಸು ತಡೆಯದೆ ಕೈಹಚ್ಚಿದರು. ಭಾನುವಾರದ ಹೊತ್ತಿಗೆ ಅರ್ಧ ಊರು ತೋಪಿನಲ್ಲಿತ್ತು. ಹೆಂಗಸರು ಕೊಡದಲ್ಲಿ ಮಜ್ಜಿಗೆ ತಂದರು. ಕತ್ತರಿಸುವುದು ನನ್ನ ಕಸುಬು ತಾನೇ, ಬುಡಕ್ಕೆ ಒಂದು ಗೇಣು ಬಿಟ್ಟು ಎಲ್ಲ ಒಂದೇ ಎತ್ತರಕ್ಕೆ ಕತ್ತರಿಸಬೇಕೆಂದು ನಾನೇ ಹೇಳಿಕೊಟ್ಟೆ. ಒಂದು ವಾರಕ್ಕೆ ತೋಪು ಹೊಸ ಕ್ರಾಪು ಹೊಡೆಸಿದ ತಲೆಯಂತಾಯಿತು. ಕೈತುಂಬ ಬೊಬ್ಬೆ, ಸೂಜಿಗೆ ದಾರ ಪೋಣಿಸಲಾಗದು. ಮದುವೆ ಬ್ಲೌಸುಗಳು ಹಾಗೇ ಬಿದ್ದಿದ್ದವು. ಆದರೂ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಆಮೇಲೆ ಒಂದು ಹದ ಮಳೆ ಬಂತು. ನಾಲ್ಕು ದಿನ ಬಿಟ್ಟು ನೋಡಿದರೆ, ಒಂದೊಂದು ಬುಡಕ್ಕೂ ಆರು ಆರು ಚಿಗುರು. ಯುಗಾದಿಗೆ ಉಳಿದಿದ್ದದ್ದು ಹತ್ತೇ ದಿನ. ಪುಟ್ಟಸ್ವಾಮಿ ಬೈಕು ನಿಲ್ಲಿಸಿ ನೋಡಿ, ನಕ್ಕು ಹೋದ. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಆಗ ಬಂದವರು ಚಿಕ್ಕತಾಯಮ್ಮ. ಮೇಕೆ ಮೇಯಿಸುವ ಮುದುಕಿ, ವರಸೆಯಲ್ಲಿ ನನಗೆ ಅತ್ತೆ. ಅವರ ತವರು ವೀರನಹೊಸಹಳ್ಳಿ ಕಡೆ, ಕಾಡಿನ ಅಂಚು. ಕೋಲೂರಿಕೊಂಡು ನನ್ನ ಸಾಲು ಸಾಲು ಬುಡಗಳನ್ನೆಲ್ಲ ನೋಡಿ, "ಬಟ್ಟೆ ಕತ್ತರಿಸ್ದಂಗೆ ಕತ್ತರಿಸಿದ್ದೀಯಲ್ಲ ಮಗಾ. ಇದಕ್ಕೆ ಕತ್ತರಿಸೋದು ಅಂದ್ರೆ ಸೇವೆ ಮಾಡ್ದಂಗೆ" ಎಂದರು.

"ಮೊದಲೇ ಹೇಳ್ಬಾರ್ದಿತ್ತಾ ಅತ್ತೆ?"

"ನೀನು ಎಲ್ಲರ್ಗೂ ಹೇಳ್ಕೊಡ್ತಾ ಇದ್ದೆ. ನಡುವೆ ನಾನ್ಯಾಕೆ ಬಾಯಾಕನ ಅಂತ ಸುಮ್ಕಿದ್ದೆ."

ಬೇರಿನ ಗಂಟಿನ ಕೆಳಗೆ ಹಾರೆ ಹಾಕಿ ಮೀಟಿ, ಬುಡ ಸಮೇತ ಕಿತ್ತು, ಬೇರು ಬಿಸಿಲಿಗೆ ಬರುವ ಹಾಗೆ ತಲೆಕೆಳಗೆ ನಿಲ್ಲಿಸಬೇಕು ಎಂದು ತೋರಿಸಿಕೊಟ್ಟರು. ಸಣ್ಣ ಸಸಿಗಳಲ್ಲಿ ಯಾವುದು ಲಂಟಾನ, ಯಾವುದು ತೋಪಿನದೇ ಮರಿ ಎಂದು ನನಗೆ ತಿಳಿಯುತ್ತಿರಲಿಲ್ಲ. ಅವರು ಎಲೆ ಕಿತ್ತು ಬೆರಳಲ್ಲಿ ಉಜ್ಜಿ ನನ್ನ ಮೂಗಿಗೆ ಹಿಡಿದರು. ಘಾಟು. ಆ ಹತ್ತು ದಿನ ಎಷ್ಟು ಎಲೆ ಮೂಸಿದೆನೆಂದರೆ, ಊಟಕ್ಕೆ ಕೂತರೂ ಅದೇ ವಾಸನೆ. ಕತ್ತರಿಸಿದ್ದನ್ನೇ ಮತ್ತೆ ಕೀಳಿ ಎಂದು ಊರವರನ್ನು ಕರೆಯಲು ಮನೆಮನೆಗೆ ಹೋದಾಗ ನನಗೆ ಸಿಕ್ಕ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ. ಬೈದರು, ಆದರೆ ಹಾರೆ ತೆಗೆದುಕೊಂಡೇ ಬಂದರು. ಮುಳ್ಳಿನಡಿ ಉಸಿರುಗಟ್ಟಿದ್ದ ಹೊಂಗೆಯ ಮರಿ, ಬೇವಿನ ಮರಿ ಒಂದೊಂದಾಗಿ ಬೆಳಕಿಗೆ ಬಂದವು. ಅವನ್ನು ಕಂಡು ಜನರಿಗೇ ಹುರುಪು ಹತ್ತಿತು.

ಯುಗಾದಿಯ ಹಿಂದಿನ ಸಂಜೆ ಹಿಪ್ಪೆ ಮರದ ಬುಡ ತಲುಪಿದೆವು. ಮಾರನೆಯ ದಿನ ಊರಲ್ಲಿ ಉಳಿದಿದ್ದ ಎರಡೇ ಜೋಡಿ ಎತ್ತು ಸಿಂಗಾರಗೊಂಡು ತೋಪಿನೊಳಗೆ ಕಾಲಿಟ್ಟವು. ತಲೆ ಮೇಲೆ ಹೊಂಗೆಯ ಎಳೆ ಹಸಿರು, ಬೇವಿನ ಹೂವು ಉದುರುತ್ತಿತ್ತು, ಎಲ್ಲೋ ಕೋಗಿಲೆ. ವಸಂತ ಬಂತು ಎಂದು ಪ್ರತಿ ವರ್ಷವೂ ಕ್ಯಾಲೆಂಡರಿನಲ್ಲಿ ಓದುತ್ತಿದ್ದೆ. ಅದು ಎದುರಿನ ತೋಪಿಗೇ ಬಂದು ಹೋಗುತ್ತಿತ್ತು ಎಂದು ಗೊತ್ತಿರಲಿಲ್ಲ. ಹೊಲದಲ್ಲಿ ನಾನು ಎಳೆದ ಸಾಲು ಹಾವು ಹರಿದ ಹಾಗೆ ಹೋಯಿತು. ಅಣ್ಣ ತಲೆ ಚಚ್ಚಿಕೊಂಡ. ಪುಟ್ಟಸ್ವಾಮಿ ಮಾತ್ರ ಬೇವು ಬೆಲ್ಲ ಕೈಗಿಟ್ಟು, "ಆಯ್ತು ಬುಡ್ಲಾ, ಶೆಡ್ಡಿಗೆ ಬ್ಯಾರೆ ಜಾಗ ನೋಡ್ತೀವಿ. ಆದ್ರೆ ಮತ್ತೆ ಬೆಳೀದಂಗೆ ನೋಡ್ಕಳೋರು ಯಾರು?" ಎಂದ.

ಉಬ್ಬಿದವನ ಬಾಯಿಗೆ ಬೀಗ ಎಲ್ಲಿ? ಊರೆದುರು ಒಂದು ಕಟ್ಟಳೆಯನ್ನೇ ಹೊರಡಿಸಿದೆ. ಇನ್ನು ಮೇಲೆ ಯಾರ ಬೇಲಿಯಲ್ಲಿ, ಯಾರ ಅಂಗಳದಲ್ಲಿ ಲಂಟಾನ ಕಂಡರೂ ಅವರೇ ಕೀಳಬೇಕು. ಕಿತ್ತದ್ದನ್ನು ತೋಪಿನೊಳಗೆ ಹೋಗುವ ದಾರಿಯ ಪಕ್ಕದ ಕಲ್ಲಿನ ಮೇಲೆ ತಲೆಕೆಳಗೆ ಇಟ್ಟು, ಸಂಜೆವರೆಗೆ ಅದರ ಪಕ್ಕ ನಿಂತಿರಬೇಕು, ಹೋಗಿಬರುವವರಿಗೆ ಗೊತ್ತಾಗಲಿ. ಎಲ್ಲರೂ ಹೂಂ ಎಂದರು.

ಮಾರನೆಯ ದಿನ ವರ್ಷತೊಡಕು, ಬಾಡೂಟದ ದಿನ. ಊರಿಗೆ ಊರೇ ಮಟನ್ನಿನ ಗುಂಗಿನಲ್ಲಿತ್ತು. ಬಾಕಿ ಬ್ಲೌಸು ಮುಗಿಸೋಣವೆಂದು ಬೆಳಿಗ್ಗೆ ಅಂಗಡಿ ತೆಗೆದೆ. ಚಿಕ್ಕತಾಯಮ್ಮ ಬಂದು ಮೆಟ್ಟಿಲ ಮೇಲೆ ಕೂತು, ಪಕ್ಕದ ಕುಂಡದಿಂದ ಒಂದೆಲೆ ಕಿತ್ತರು. ಉಜ್ಜಿದರು. ಬೆರಳನ್ನು ನನ್ನ ಮೂಗಿಗೆ ಹಿಡಿದರು.

ನನ್ನ ಮೂಗು ಆಗ ಪಳಗಿತ್ತು. ಅದೇ ಘಾಟು, ಲಂಟಾನ. ಸೂಟು ಹೊಲಿಸಿ ಹಾಕಿದರೆ ಪಕ್ಕದ ಮನೆಯವನ ಗುರುತೂ ಸಿಗುವುದಿಲ್ಲ ಎಂಬುದು ಟೈಲರಾದ ನನಗಾದರೂ ಹೊಳೆಯಬೇಕಿತ್ತು.

"ಯಾರ್ಗೂ ಯೋಳಕ್ಕಿಲ್ಲ ಬುಡು" ಎಂದರು ಅತ್ತೆ. ಒಳಗಿನಿಂದ ನಾಗರತ್ನ, "ನಾನು ಯೋಳ್ತೀನಿ" ಎಂದಳು.

ಕುಂಡ ಒಡೆದು, ಗಿಡವನ್ನು ಕಲ್ಲಿನ ಮೇಲೆ ತಲೆಕೆಳಗೆ ಇಟ್ಟು, ಸಂಜೆವರೆಗೆ ನಿಂತೆ. ಮನೆಮನೆಯಿಂದ ಮಸಾಲೆ ವಾಸನೆ ಬರುತ್ತಿತ್ತು. "ಊಟ ಆರೋಯ್ತದೆ ಬಾರ್ಲಾ" ಎಂದು ಪುಟ್ಟಸ್ವಾಮಿ ಎರಡು ಸಲ ಕರೆದ. ನಾನು ಕದಲಲಿಲ್ಲ. ನಾನೇ ತಪ್ಪಿದರೆ ಮುಂದಿನ ವರ್ಷ ಆ ತೋಪು ಉಳಿಯುವುದಿಲ್ಲ.

ಹದಿನೈದು ದಿನ ಕಳೆದು ಹೋಗಿ ನೋಡಿದೆ. ತೋಪಿನಲ್ಲಿ ಊರವರು ಕಿತ್ತಿಟ್ಟ ಬುಡಗಳೆಲ್ಲ ಸೌದೆಯಂತೆ ಒಣಗಿದ್ದವು. ಕಲ್ಲಿನ ಮೇಲೆ ತಲೆಕೆಳಗಾಗಿದ್ದ ನನ್ನದೊಂದು ಮಾತ್ರ ಪಕ್ಕದ ಮಣ್ಣಿಗೆ ಕೊಂಬೆ ಇಳಿಬಿಟ್ಟು, ಅಲ್ಲೇ ಬೇರೂರಿ ಎರಡು ಎಲೆ ಚಿಗುರಿಸಿತ್ತು. ಜೀವಮಾನದಲ್ಲಿ ಮೊದಲ ಸಲ ನನ್ನ ಕೈಗುಣ ಚೆನ್ನಾಗಿತ್ತು. ಹಾರೆ ತರಲು ಮನೆಗೆ ಹೊರಟೆ.