ಬಾಯಿಗೆ ಎರಡು ದಿನದ ವಿಶ್ರಾಂತಿ

ವಿಶ್ರಾಂತಿ ಎಂಬುದು ಇತರರು ನಮಗೆ ಸೂಚಿಸಬೇಕಾದ ವಸ್ತು. ತನಗೇ ಬೇಕೆಂದು ಕೇಳಿದವನನ್ನು ಲೋಕ ಸೋಮಾರಿ ಎನ್ನುತ್ತದೆ. ನನಗೆ ಅದನ್ನು ಸೂಚಿಸಿದವಳು ಅವ್ವ. ಕಾಲೇಜಿನ ಚರ್ಚಾಕೂಟದಲ್ಲಿ ಎರಡು ಬೆಳ್ಳಿ ಬಟ್ಟಲು ಗೆದ್ದು ಮೂಡಲಗಿಗೆ ಮರಳಿದ ಮೇಲೆ ಮನೆಯಲ್ಲಿ ನಾನು ಪ್ರಶ್ನಿಸದೆ ಬಿಟ್ಟದ್ದು ಉಪ್ಪಿನಕಾಯಿ ಭರಣಿಯೊಂದನ್ನೇ. ಹುಕ್ಕೇರಿಯ ಶಾಲೆಯೊಂದರಿಂದ ಮಾಸ್ತರಿಕೆಯ ಸಂದರ್ಶನಕ್ಕೆ ಕರೆ ಬಂದಾಗ ಅವ್ವ ಅಂದಳು: "ಹಿಂದ ಎರಡ ಕಡೆ ಬಾಯಿ ಮಾಡಿ ನೌಕರಿ ಕಳಕೊಂಡಿ. ಹೋಗೂ ಹಾದ್ಯಾಗ ಹೊಳಿ ದಂಡಿ ಮ್ಯಾಲ ಎರಡ ದಿನ ಸುಮ್ಮ ಕುಂದರು. ವಿಶ್ರಾಂತಿ ನಿನಗಲ್ಲೋ, ನಿನ್ನ ಬಾಯಿಗೆ." ಇದೂ ಕೈತಪ್ಪಿದರೆ ಕೌಜಲಗಿಯ ಮಾವನ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿಯಬೇಕೆಂದು ಅಪ್ಪ ತೀರ್ಪು ಕೊಟ್ಟಾಗಿತ್ತು. ಅದಕ್ಕೆ ಮೇಲ್ಮನವಿ ಇರಲಿಲ್ಲ.

ಚಕ್ಕಡಿಗೆ ಬಿದಿರಿನ ಕಮಾನು ಕಟ್ಟಿ, ಚಾಪೆ ಹೊದಿಸಿ, ಒಳಗೆ ಹುಲ್ಲಿನ ಮೇಲೆ ಜಮಖಾನೆ ಹಾಸಿದರು. ರೊಟ್ಟಿಯ ಗಂಟು, ಶೇಂಗಾ ಚಟ್ನಿ, ನನ್ನ ಕೋಟಿದ್ದ ಟ್ರಂಕು ಒಳಗೇರಿದವು. ಚಕ್ಕಡಿ ಹೊಡೆಯುವವನು ನಮ್ಮ ಮನೆಯ ಹಳೆಯ ಆಳು ಭರಮಪ್ಪ. ಯೋಜನೆಯೆಲ್ಲ ನನ್ನದು: ಶುಕ್ರವಾರ ಹೊರಟು ಗೋಕಾಕದಲ್ಲಿ ನಂಟರ ಮನೆ, ಶನಿವಾರ ಗುಡ್ಡದ ಬುಡದ ಹೊಳೆ ದಂಡೆ, ಅಲ್ಲಿಂದ ಹುಕ್ಕೇರಿ ಮೂರೇ ಹರದಾರಿ. ಮನೆಯಲ್ಲಿ ಸಂದರ್ಶನದ ಇಂಗ್ಲಿಷ್ ತಾರೀಖು ಹೇಳಿದ್ದೆನೇ ಹೊರತು ವಾರ ಹೇಳಿರಲಿಲ್ಲ. ಆಳಿಗಂತೂ ಏನನ್ನೂ ಹೇಳುವ ಅಗತ್ಯ ಕಂಡಿರಲಿಲ್ಲ.

ಘಟಪ್ರಭೆಯ ದಂಡೆ ಚೆನ್ನಾಗಿತ್ತು ಎಂದು ಒಪ್ಪಬೇಕು. ಹೊಳೆ ಹರಿಯುತ್ತಿತ್ತು, ಗುಡ್ಡ ಇದ್ದಲ್ಲೇ ಇತ್ತು. ಎರಡರ ಜೊತೆಗೂ ವಾದ ಮಾಡುವಂತಿರಲಿಲ್ಲ. ಒಂದು ದಿನ ಹೇಗೋ ಬಾಯಿ ಕಟ್ಟಿದೆ. ಭಾನುವಾರ ಮಧ್ಯಾಹ್ನ ಭರಮಪ್ಪ ಬಂದು, "ಇವತ್ತ ಹುಕ್ಕೇರಿ ಮುಟ್ಟಿ ಬಿಡೂಣೇನ್ರಿ ಸಣ್ಣ ಧಣಿ?" ಎಂದ. ನನಗೆ ಎದುರಾಳಿ ಸಿಕ್ಕಂತಾಯಿತು. ಚಕ್ಕಡಿಯ ಮೂಕಿಯ ಮೇಲೆ ನಿಂತೇ ಭಾಷಣ ಮಾಡಿದೆ: ದುಡಿಯುವ ಜೀವಕ್ಕೆ, ಅದು ಮನುಷ್ಯನಿರಲಿ ದನವಿರಲಿ, ವಾರಕ್ಕೊಂದು ದಿನ ವಿಶ್ರಾಂತಿ ಹುಟ್ಟುಹಕ್ಕು, ಯಾರ ಯಾವ ಅವಸರವೂ ಅದಕ್ಕೆ ಅಡ್ಡ ಬರಬಾರದು. ಅವನು ಕೊನೆಯವರೆಗೂ ಕೇಳಿ, "ಖರೆ ಐತ್ರಿ" ಎಂದು ಬೀಡಿ ಹಚ್ಚಿಕೊಂಡ. ಇಷ್ಟು ಸುಲಭವಾಗಿ ನಾನು ಎಂದೂ ಗೆದ್ದಿರಲಿಲ್ಲ. ಅನುಮಾನ ಬರಬೇಕಿತ್ತು.

ಮರುದಿನ ಬೆಳಕು ಹರಿಯುವಾಗ ನಾನು ಕೋಟು ತೊಟ್ಟು ನಿಂತೆ. ಎತ್ತುಗಳು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಮೆಲುಕು ಹಾಕುತ್ತಿದ್ದವು.

"ಹೂಡೋ ಭರಮಪ್ಪ. ಹನ್ನೊಂದಕ್ಕ ಸಾಲಿಯೊಳಗ ಇರಬೇಕು."

"ಇವತ್ತ ಸ್ವಾಮಾರ್ರಿ. ಬಸವಣ್ಣನ ಹೆಗಲ ಮ್ಯಾಲ ನೊಗ ಇಡಾಂಗಿಲ್ಲ."

ನಾಲ್ಕು ವರ್ಷ ಹಾಸ್ಟೆಲಿನಲ್ಲಿದ್ದವನಿಗೆ ಸೋಮವಾರವೆಂದರೆ ಗಂಟೆ ಬಾರಿಸುವ ವಾರವೇ ಹೊರತು ಎತ್ತು ಬಿಡುವ ವಾರವೆಂಬುದು ಮರೆತೇಹೋಗಿತ್ತು. ಆದರೂ ಬಟ್ಟಲು ಗೆದ್ದವನು ಸುಮ್ಮನಿದ್ದಾನೆಯೆ? "ಎತ್ತಿಗೆ ಏನ ಗೊತ್ತೋ, ಇವತ್ತ ಸೋಮವಾರ ಅಂತ?"

"ಅದಕ್ಕ ಗೊತ್ತಿಲ್ರಿ. ನನಗ ಗೊತ್ತೈತಿ."

"ನನ್ನ ನೌಕರಿ ಹೋಗತೈತೋ ಮಾರಾಯಾ!"

"ಯಾರ ಅವಸರಾನೂ ಅಡ್ಡ ಬರಬಾರದಂತ ನಿನ್ನಿ ನೀವ ಹೇಳಿದ್ರಿ. ನಾ ಒಪ್ಪಿಕೊಂಡ್ನಿ. ಗೆದ್ದ ಮ್ಯಾಲೂ ಸಿಟ್ಟ ಯಾಕರಿ?"

ಮೂರು ಹರದಾರಿ ನಡೆದೆ. ಕೋಟು ಹೆಗಲಿಗೆ, ಬೂಟು ಕೈಗೆ. ದಾರಿಯುದ್ದಕ್ಕೂ ಭರಮಪ್ಪನಿಗೆ ಕೊಡಬಹುದಾಗಿದ್ದ ಉತ್ತರಗಳು ಹೊಳೆಯುತ್ತಿದ್ದವು. ಒಂದೊಂದೂ ಬಟ್ಟಲಿಗೆ ಯೋಗ್ಯವಾದದ್ದು, ಕೇಳಲು ಜಾಲಿಗಿಡ ಮಾತ್ರ. ಮುಟ್ಟಿದಾಗ ಹನ್ನೊಂದೂವರೆ. ಶಾಲೆಯ ಮಂಡಳಿಯ ಅಧ್ಯಕ್ಷರು ದೊಡ್ಡ ರುಮಾಲಿನ ಒಕ್ಕಲಿಗ ಮುದುಕರು. ನನ್ನ ಮುಖ ಬಿಟ್ಟು ಧೂಳು ತುಂಬಿದ ಪಾದಗಳನ್ನು ನೋಡಿದರು.

"ತಡಾ ಯಾಕಾತು ತಮ್ಮಾ? ಗಾಡಿ ಸಿಗಲಿಲ್ಲೇನು?"

"ಚಕ್ಕಡಿ ಐತ್ರಿ. ಎತ್ತೂ ಅದಾವ. ಇವತ್ತ ಸೋಮವಾರ್ರಿ."

ಮುಂದೆ ಹೇಳುವುದು ಬಹಳವಿತ್ತು. ಗಂಟಲು ಒಣಗಿತ್ತು. ಮುದುಕರು ಪಕ್ಕದವರತ್ತ ತಿರುಗಿ, "ನಾನೂ ಇವತ್ತ ಹಳ್ಳಿಯಿಂದ ನಡಕೋತನ ಬಂದೇನಿ ನೋಡ್ರಿ. ಕಲತ ಹುಡುಗರು ಇಂಥಾದ್ದಕ್ಕೆಲ್ಲಾ ವಾದ ಹೂಡ್ತಾರ" ಎಂದು ಮತ್ತೆ ನನ್ನನ್ನು ಕೇಳಿದರು: "ನೀ ಏನೂ ವಾದ ಮಾಡಲಿಲ್ಲೇನಪಾ?"

ಎದುರಿಗೆ ತಂಬಿಗೆ ಇತ್ತು. ಎತ್ತಿ ನೀರು ಕುಡಿಯತೊಡಗಿದೆ. ಬಾಯಲ್ಲಿ ನೀರಿದ್ದವನು ಸುಳ್ಳು ಹೇಳಿದನೆಂದು ಯಾವ ತರ್ಕಶಾಸ್ತ್ರವೂ ಸಾಧಿಸಲಾರದು. ತಂಬಿಗೆ ಖಾಲಿಯಾಗುವಷ್ಟರಲ್ಲಿ ನೌಕರಿ ನನ್ನದಾಗಿತ್ತು.

ಮರುದಿನ ಭರಮಪ್ಪ ಚಕ್ಕಡಿ ಹೊಡೆದುಕೊಂಡು, ನನ್ನ ಟ್ರಂಕಿನೊಂದಿಗೆ ಶಾಲೆಯ ಮುಂದೆ ಬಂದಿಳಿದ. ಅಲ್ಲೇ ನಿಂತಿದ್ದ ಅಧ್ಯಕ್ಷರು, "ನಿಮ್ಮ ಮಾಸ್ತರು ಭಾಳ ಶಾಂತ ಮನಷ್ಯಾ ಬಿಡಪಾ" ಎಂದರು. ಭರಮಪ್ಪ ನನ್ನನ್ನು ನೋಡಿದ, ಎತ್ತುಗಳನ್ನು ನೋಡಿದ.

"ಹೌದ್ರಿ. ಸ್ವಾಮಾರ ದಿನ ಭಾಳ ಶಾಂತ ಇರ್ತಾರ."

ಇದನ್ನು ಖಂಡಿಸಲು ನನ್ನಲ್ಲಿ ಮೂರು ಬಲವಾದ ಕಾರಣಗಳಿದ್ದವು. ಬಾಯಿ ತೆರೆದೆ. ಅಂದು ಮಂಗಳವಾರ.