ಅಧ್ಯಕ್ಷರ ಇಪ್ಪತ್ತೊಂಬತ್ತನೇ ದಿನ

ಶನಿವಾರ ಬೆಳಗ್ಗೆ ವುಕಾಶಿನ್ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕಂಪ್ಯೂಟರ್ ತೆರೆದು ನೋಡಿದರೆ, ಸೊಕೊಲಿಯಾ ಗಣರಾಜ್ಯದ ಸಂಸತ್ತು ಅಧ್ಯಕ್ಷ ಪದವಿಯನ್ನೇ ರದ್ದು ಮಾಡುವ ಮಸೂದೆ ತಂದಿತ್ತು. ಮತದಾನ ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ. ಆ ಗಣರಾಜ್ಯದ ಅಧ್ಯಕ್ಷ ಸ್ವತಃ ವುಕಾಶಿನ್.

ಸೊಕೊಲಿಯಾ ಯಾವ ಭೂಪಟದಲ್ಲೂ ಸಿಗುವುದಿಲ್ಲ. ಅದು ಪಾರಾಚಿನ್ ಊರಿನ ಐದಂತಸ್ತಿನ ಒಂದು ಕಟ್ಟಡದವರು ಹನ್ನೆರಡು ವರ್ಷದಿಂದ ಇಂಟರ್ನೆಟ್ಟಿನಲ್ಲಿ ಆಡಿಕೊಂಡು ಬಂದಿರುವ ರಾಜಕೀಯದ ಆಟ. ಲಿಫ್ಟ್ ಕೆಟ್ಟು ಎರಡು ವರ್ಷವಾದರೂ ತಲೆ ಕೆಡಿಸಿಕೊಳ್ಳದ ಜನ, ಸೊಕೊಲಿಯಾದ ಬಜೆಟ್ಟಿಗಾಗಿ ಮಾತು ಬಿಟ್ಟ ಉದಾಹರಣೆಗಳಿದ್ದವು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ವುಕಾಶಿನ್ ನಾಲ್ಕು ಚುನಾವಣೆ ಸೋತು, ಐದನೆಯದರಲ್ಲಿ ಎರಡೇ ಮತದಿಂದ ಗೆದ್ದಿದ್ದ. ಮೂವತ್ತು ದಿನದ ಅವಧಿ ಪೂರೈಸಿದವರ ಹೆಸರು ಆಟದ ಮೊದಲ ಪುಟದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಅವನಿಗೆ ಇನ್ನೊಂದೇ ದಿನ ಬಾಕಿ ಇತ್ತು.

ಆದರೆ ಸಂಸತ್ತಿನ ಹದಿನೈದು ಸದಸ್ಯರಲ್ಲಿ ಎಂಟು ಜನ ಹಸಿರು ಪಕ್ಷದವರು. ಅವರ ನಾಯಕ ಮೂರನೇ ಮಹಡಿಯ ಕ್ಷೌರಿಕ ಟಿಹೊಮಿರ್. ವುಕಾಶಿನ್‌ನ ಮದುವೆಗೆ ಸಾಕ್ಷಿ ನಿಂತ ಕೂಮ ಬೇರೆ. ಅಂದರೆ ಒಡಹುಟ್ಟಿದವನಿಗಿಂತ ಒಂದು ಕೈ ಮೇಲು. ಈ ಕೂಮ ಮೊದಲ ವಾರವೇ ಮಂತ್ರಿಗಳನ್ನು ಆರಿಸುವ ಅಧಿಕಾರವನ್ನು ಅಧ್ಯಕ್ಷರಿಂದ ಕಿತ್ತುಕೊಂಡ. ಎರಡನೇ ವಾರ ಅಧ್ಯಕ್ಷರ ಭಾಷಣ ನಾಲ್ಕು ಸಾಲು ಮೀರಬಾರದೆಂದಾಯಿತು. ಮೂರನೇ ವಾರ ಹುಟ್ಟುಹಬ್ಬದ ಶುಭಾಶಯ ಹೇಳುವುದಕ್ಕೂ ಸಂಸತ್ತಿನ ಅನುಮತಿ ಬೇಕಾಯಿತು. ಸಂಸತ್ತು ಮಿತಿ ಮೀರುತ್ತಿದೆ ಎಂದು ವುಕಾಶಿನ್‌ನ ನೀಲಿ ಪಕ್ಷದ ಏಳು ಮಂದಿ ಬೊಬ್ಬೆ ಹೊಡೆದರು. ಜನ ಆರಿಸಿದ ಸಂಸತ್ತಿಗೆ ಮಿತಿ ಹಾಕಲು ನೀವು ಯಾರು ಎಂದು ಹಸಿರಿನವರು ತಿರುಗಿ ಕೇಳಿದರು.

"ರುಜಿತ್ಸಾ, ನನ್ನ ಕತೆ ಮುಗೀತು," ಎಂದು ವುಕಾಶಿನ್ ಅಡುಗೆಮನೆಗೆ ಹೋಗಿ ಕುಸಿದು ಕೂತ.

ಹೆಂಡತಿ ತಲೆಯೆತ್ತದೆ ಸರ್ಮಾಕ್ಕೆಂದು ಹುಳಿ ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತುತ್ತಿದ್ದಳು. "ಮುಗಿಯೋದಿದ್ರೆ ನಾಡಿದ್ದು ಮುಗೀಲಿ. ಇವತ್ತು ನಮ್ಮ ಸ್ಲಾವಾ. ಮೊದಲು ಮೇಜು ಎಳಿ."

ಆಗ ಅವನ ತಲೆಯಲ್ಲಿ ದೀಪ ಹತ್ತಿಕೊಂಡಿತು. ಮನೆತನದ ಸಂತನ ಹಬ್ಬವಾದ ಸ್ಲಾವಾಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಬರುವವರು ತಾವಾಗಿಯೇ ಬರುತ್ತಾರೆ, ಬಂದವರನ್ನು ಏಳಿ ಎನ್ನುವ ಹಾಗಿಲ್ಲ. ಎಂಟು ಜನ ಹಸಿರಿನವರೂ ಬಂದೇ ಬರುತ್ತಾರೆ. ಆಟ ಎಷ್ಟು ಹಳೆಯದೆಂದರೆ ಮತ ಹಾಕುವ ಪುಟ ಫೋನಿನಲ್ಲಿ ತೆರೆಯುವುದಿಲ್ಲ. ಆರು ಗಂಟೆಯವರೆಗೆ ಅವರನ್ನು ಊಟದ ಮೇಜಿಗೆ ಕಟ್ಟಿಹಾಕಿದರೆ, ನೀಲಿಯವರು ಏಳು ಮತದಿಂದ ಮಸೂದೆಯನ್ನು ಮಣ್ಣು ಮಾಡುತ್ತಾರೆ.

ನೀಲಿಯವರನ್ನು ಮಾತ್ರ ಮನೆಯಲ್ಲೇ ಇರಿಸಬೇಕಿತ್ತು. ಅವರ ಮುಂದಾಳು ಜಾಗೋರ್ಕಾ, ನಿವೃತ್ತ ಔಷಧದಂಗಡಿಯಾಕೆ. ವುಕಾಶಿನ್ ಫೋನು ಮಾಡಿದ. ಆದರೆ ಸ್ಲಾವಾಕ್ಕೆ ಬರಬೇಡಿ ಎಂದು ಹೇಳಲು ಆ ಊರಿನಲ್ಲಿ ಹುಟ್ಟಿದವನಿಗೆ ನಾಲಿಗೆ ಹೊರಳಬೇಕಲ್ಲ. ಮನೆ ಸ್ವಲ್ಪ ಇಕ್ಕಟ್ಟು ಅಕ್ಕ, ಎಂದ.

"ಅಯ್ಯೋ, ಅದಕ್ಯಾಕಪ್ಪ ಯೋಚನೆ? ನಾನೇ ನಾಲ್ಕು ಕುರ್ಚಿ ಹೊರಿಸ್ಕೊಂಡು ಬರ್ತೀನಿ," ಎಂದಳು ಜಾಗೋರ್ಕಾ. ಬೇಗ ಉಂಡು ಎರಡೂವರೆಗೆಲ್ಲ ಎದ್ದು ಹೋಗಿ ಮತ ಹಾಕುವುದಾಗಿ ಮಾತು ಕೊಟ್ಟಳು.

ಒಂದು ಗಂಟೆಗೆ ಸಂಸತ್ತು ಪೂರ್ಣ ಹಾಜರಾತಿಯೊಂದಿಗೆ ಮೇಜಿನ ಸುತ್ತ ಕೂತಿತ್ತು. ಸ್ಲಾವಾದಲ್ಲಿ ಮನೆಯ ಯಜಮಾನ ಕೂರುವ ಹಾಗಿಲ್ಲವಾದ್ದರಿಂದ ವುಕಾಶಿನ್ ನಿಂತೇ ಬಡಿಸಿದ. ಸೂಪು ಬಂತು, ಸರ್ಮಾ ಬಂತು, ಸುಟ್ಟ ಹಂದಿಮರಿ ಬಂತು. ಹಸಿರಿನವರು ಯಾರಾದರೂ ಗಡಿಯಾರದ ಕಡೆ ಕತ್ತು ತಿರುಗಿಸಿದರೆ ಸಾಕು, ಅವರ ಲೋಟಕ್ಕೆ ಹಣ್ಣಿನ ಸಾರಾಯಿ ರಾಕಿಯಾ ಬೀಳುತ್ತಿತ್ತು. ಎರಡೂಕಾಲು ಗಂಟೆಗೆ ಹಸಿರಿನ ಇಬ್ಬರು ಏಳುವಂತೆ ಕಂಡಾಗ ಅವನು ಕೊನೆಯ ಅಸ್ತ್ರ ಬಿಟ್ಟ.

"ಅಲ್ಲ ಕೂಮ, ಇಷ್ಟೆಲ್ಲ ಕಾಯ್ದೆ ಮಾಡ್ತೀರಲ್ಲ, ನಿಮ್ಮ ಸಂಸತ್ತಿಗೆ ಒಂದು ಎಲ್ಲೆ ಅಂತ ಇದೆಯೋ ಇಲ್ವೋ?"

ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಎದ್ದವರು ಕೂತರು, ಕೂತವರು ಎದ್ದು ನಿಂತು ಮಾತಾಡಿದರು. ಸಂವಿಧಾನದ ಮೂರನೇ ವಿಧಿಯನ್ನು ಒಬ್ಬ ಫೋರ್ಕಿನಿಂದ ಮೇಜಿನ ಮೇಲೆ ಕುಟ್ಟಿ ವಿವರಿಸಿದ. ಗಂಟೆ ನಾಲ್ಕಾದರೂ ಯಾರೂ ಸೋಲಲಿಲ್ಲ. ವುಕಾಶಿನ್‌ನ ಕಾಲು ನೋಯುತ್ತಿತ್ತು, ಮನಸ್ಸು ಮಾತ್ರ ಕುಣಿಯುತ್ತಿತ್ತು.

ಒಂದೇ ಚಿಂತೆಯೆಂದರೆ ಜಾಗೋರ್ಕಾ. ಹೋಗಿ ಎಂದು ಅವನು ಕಣ್ಣಿನಲ್ಲೇ ಬೇಡಿಕೊಂಡ. ಅವಳು ಮೂರು ಸಲ ಎದ್ದಳು. ಮೂರು ಸಲವೂ ಟಿಹೊಮಿರ್ ಹಂದಿಯ ಎಲುಬು ಚೀಪುತ್ತ, ಉತ್ತರ ಗೊತ್ತಿಲ್ಲದವರು ಮನೆಗೆ ಹೊರಟರು ಎಂದು ತಣ್ಣಗೆ ನುಡಿದ. ಮೂರು ಸಲವೂ ಜಾಗೋರ್ಕಾ ಕೆಂಪಾಗಿ ಕೂತಳು. ಪಕ್ಷದ ಮಾನದ ಪ್ರಶ್ನೆಯೆಂದು ಉಳಿದ ಆರು ನೀಲಿಯವರೂ ಕದಲಲಿಲ್ಲ.

ಗಡಿಯಾರ ಆರು ಹೊಡೆಯಿತು. ವುಕಾಶಿನ್ ಬೆರಳು ಮಡಿಚಿ ಲೆಕ್ಕ ಹಾಕಿದ. ನೀಲಿಯ ಏಳು ಮತ ಬೀಳಲಿಲ್ಲ, ನಿಜ. ಆದರೆ ಹಸಿರಿನ ಎಂಟೂ ಬೀಳಲಿಲ್ಲವಲ್ಲ. ಒಂದು ಮತವೂ ಸಿಗದ ಮಸೂದೆ ಎಲ್ಲಿಂದ ಗೆಲ್ಲಬೇಕು? ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

"ಕೂಮ, ಬೇಜಾರು ಮಾಡ್ಕೋಬೇಡ," ಎಂದ ಅವನು ಟಿಹೊಮಿರ್‌ನ ಹೆಗಲ ಮೇಲೆ ಕೈ ಇಟ್ಟು. "ನಿಮ್ಮ ಮಸೂದೆ ಬಿದ್ದುಹೋಯ್ತು. ನಿಮ್ಮಲ್ಲಿ ಒಬ್ಬರೂ ಮತ ಹಾಕಿಲ್ಲ."

"ಹಾಕೋ ಅಗತ್ಯ ಇರ್ಲಿಲ್ಲ," ಎಂದ ಟಿಹೊಮಿರ್, ಬಾಯೊರೆಸಿಕೊಂಡು. "ಯಾರೂ ವಿರುದ್ಧ ಮತ ಹಾಕದ ಮಸೂದೆ ಅವಿರೋಧವಾಗಿ ಅಂಗೀಕಾರ ಆದ ಹಾಗೇ. ನಲವತ್ತೊಂದನೇ ಕಾಯ್ದೆ. ಹೋದ ಗುರುವಾರ ನೀನೇ ಸಹಿ ಹಾಕಿದ್ದು."

"ನಾನು ಅದನ್ನ ಓದೇ ಇಲ್ಲ."

"ಓದೋ ಹಾಗಿರ್ಲಿಲ್ಲ ಮಾರಾಯ. ಅಧ್ಯಕ್ಷರು ಓದದೇ ಸಹಿ ಹಾಕ್ಬೇಕು ಅನ್ನೋದು ನಲವತ್ತನೇ ಕಾಯ್ದೆ. ಅದನ್ನ ನೀನು ಓದಿದ್ದೆ."

ಹೌದು, ಓದಿದ್ದ. ತಲೆನೋವು ತಪ್ಪಿತು ಎಂದು ಸಂತೋಷವೂ ಪಟ್ಟಿದ್ದ.

ನಿನ್ನೆಯಾಗಿದ್ದರೆ ವುಕಾಶಿನ್ ಕೂಮನನ್ನು ಮೆಟ್ಟಿಲಿನ ತನಕ ದಬ್ಬಿಕೊಂಡು ಹೋಗುತ್ತಿದ್ದ. ಇವತ್ತು ಯಜಮಾನ ಅತಿಥಿಯ ಮುಂದೆ ಮುಖ ಗಂಟು ಹಾಕಿಕೊಳ್ಳುವಂತೆಯೂ ಇಲ್ಲ. ಟಿಹೊಮಿರ್ ಖಾಲಿ ಲೋಟ ಮುಂದೆ ಚಾಚಿದ. ಮಾಜಿ ಅಧ್ಯಕ್ಷ ಅದನ್ನು ಅಂಚಿನ ತನಕ ತುಂಬಿದ.

"ಸರ್ಮಾ ಅದ್ಭುತವಾಗಿತ್ತು. ನಾಳೆ ಹಬ್ಬದ ಎರಡನೇ ದಿನ ಅಲ್ವಾ?" ಎಂದು ಬಾಗಿಲಲ್ಲಿ ನಿಂತು ಕೇಳಿದ ಟಿಹೊಮಿರ್. "ನಾವು ಎಂಟೂ ಜನ ಬರ್ತೀವಿ." ನಾವೇನು ಕಮ್ಮಿ, ನಾವೂ ಏಳು ಜನ ಬರುತ್ತೇವೆ ಎಂದು ಹಿಂದಿನಿಂದ ಜಾಗೋರ್ಕಾ ಘೋಷಿಸಿದಳು. ಹದಿನೈದು ಜನರೂ ಒಮ್ಮತಕ್ಕೆ ಬಂದದ್ದು ಆ ಸಂಸತ್ತಿನ ಇತಿಹಾಸದಲ್ಲೇ ಮೊದಲ ಸಲ.

"ಬನ್ನಿ, ಖಂಡಿತ ಬನ್ನಿ," ಎಂದ ವುಕಾಶಿನ್, ಹಲ್ಲು ಕಚ್ಚಿಕೊಂಡು ನಗುತ್ತ.

ಬಾಗಿಲು ಹಾಕಿ ತಿರುಗಿದರೆ ರುಜಿತ್ಸಾ ಎಲೆಕೋಸಿನ ದೊಡ್ಡ ಪಾತ್ರೆ ಹಿಡಿದು ನಿಂತಿದ್ದಳು.

"ನಾಳೆಗೆ ಇನ್ನೂ ಅರವತ್ತು ಸುತ್ತಬೇಕು," ಎಂದಳು. "ಬಾ, ಕೂತ್ಕೋ. ಈಗಂತೂ ನಿನಗೆ ಬೇರೆ ಕೆಲಸ ಇಲ್ವಲ್ಲ."