ಲೈಬ್ರರಿಗೆ ಐವತ್ತು, ನನಗೆ ಹೊಟ್ಟೆಯುರಿ

ನಮ್ಮೂರ ಲೈಬ್ರರಿಯಲ್ಲಿ ಏನಾದರೊಂದು ಎಡವಟ್ಟು ಆಗದೆ ವಾರ ಕಳೆಯೋದೇ ಇಲ್ಲ. ಅದರ ಎದುರಿಗೇ ನನ್ನ ಟೈಲರ್ ಅಂಗಡಿ. ಮಿಷಿನ್ ತುಳೀತಾ ತಲೆ ಎತ್ತಿದರೆ ಸಾಕು, ಒಳಗಿನದೆಲ್ಲ ಕಾಣುತ್ತೆ. ಲೈಬ್ರರಿಗೆ ಐವತ್ತು ವರ್ಷ ತುಂಬಿದಾಗ ನಡೆದದ್ದನ್ನ ನನ್ನಷ್ಟು ಹತ್ತಿರದಿಂದ ನೋಡಿದವರೂ ಇಲ್ಲ, ನನ್ನಷ್ಟು ಹೊಟ್ಟೆ ಉರ್ಕೊಂಡವರೂ ಇಲ್ಲ.

ಲೈಬ್ರರಿ ಮೇಡಂ ಒಂದು ದಿನ ಹೇಳಿದರು: "ಸುವರ್ಣ ಮಹೋತ್ಸವಕ್ಕೆ ಒಬ್ಬರು ಉತ್ತಮ ಓದುಗರನ್ನ ಆರಿಸ್ತೀವಿ. ಶಾಲು, ಕೊಬ್ಬರಿ ಹಾರ, ಆಮೇಲೆ ಅವರ ಫೋಟೋ ಗೋಡೆ ಮೇಲೆ. ಖಾಯಂ ಆಗಿ."

ಶಾಲು, ಹಾರ ಹಾಳಾಗಲಿ. ಫೋಟೋ! ಅಲ್ಲಿರೋ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದವನು ನಾನು. ಬೆನ್ನು ಕಿತ್ತುಹೋದ ಪುಸ್ತಕಗಳನ್ನ ದಬ್ಬಣ ಹಾಕಿ ಹೊಲಿದು ಕೊಟ್ಟವನೂ ನಾನೇ. ಇನ್ಯಾರಿಗೆ ಕೊಡ್ತಾರೆ? ಫೋಟೋಗೆ ಯಾವ ಅಂಗಿ ಹಾಕೋದು ಅಂತ ಆವತ್ತೇ ತೀರ್ಮಾನ ಮಾಡಿಬಿಟ್ಟೆ.

ಮನೆಗೊಂದು ಪುಸ್ತಕ

ಹಬ್ಬದ ಅಂಗವಾಗಿ ಮನೆಗೊಂದು ಪುಸ್ತಕ ದಾನ ಕೊಡಿ ಅಂತ ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿದರು. ನಮ್ಮ ಕಡೆ ದಾನ ಅಂದರೆ ಏನು ಅಂತ ಬೇರೆ ಊರಿಂದ ಬಂದ ಮೇಡಂಗೆ ಪಾಪ ಗೊತ್ತಿರಲಿಲ್ಲ. ದೇವಸ್ಥಾನಕ್ಕಾಗಲಿ, ಶಾಲೆಗಾಗಲಿ, ನಾಟಕಕ್ಕಾಗಲಿ, ಕೊಡೋದು ಒಂದೇ, ತೆಂಗಿನಕಾಯಿ. ಬೆಳಗಾಗೋದರೊಳಗೆ ಲೈಬ್ರರಿ ಬಾಗಿಲಲ್ಲಿ ಕಾಯಿ ರಾಶಿ.

"ಪುಸ್ತಕ ಎಲ್ಲಮ್ಮ?" ಅಂದರು ಮೇಡಂ.

"ಪುಸ್ತಕ ಎಲ್ಲಿಂದ ತರಾನವ್ವ? ಇದ ಮಾರಿ ನೀವೇ ತಗೊಳ್ರಿ," ಅಂದರು ಜನ.

ಅಲ್ಲಿಗೆ ಪ್ರವೇಶ ಮಾಡಿದ ನನ್ನ ಬಾಮೈದ, ನನ್ನ ಹೆಂಡತಿ ಒಡಹುಟ್ಟಿದ ತಮ್ಮ, ಕೊಬ್ಬರಿ ವ್ಯಾಪಾರಿ. ಒಂದೊಂದೇ ಕಾಯನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಇದು ಒಣಗಿ ಕೊಬ್ಬರಿಯಾಗೋಕೆ ಅಟ್ಟಕ್ಕೆ, ಇದು ಸಾರಿಗೆ ಅಂತ ವಿಂಗಡಿಸಿ, ತಿಪಟೂರಿಗೆ ಸಾಗಿಸಿ ಮಾರಿ, ಬರುವಾಗ ಹೊಸ ಪುಸ್ತಕಗಳ ಕಟ್ಟನ್ನೇ ಹೊತ್ಕೊಂಡು ಬಂದ. ಮೇಡಂ ಮುಖ ಅರಳಿದ್ದು ನೋಡಬೇಕಿತ್ತು! ಅಷ್ಟು ವರ್ಷ ಪುಸ್ತಕ ಹೊಲಿದು ಕೊಟ್ಟ ನನಗೆ ಒಂದು ದಿನವೂ ಆ ನಗು ಸಿಕ್ಕಿದ್ದಿಲ್ಲ.

ಸಾಗಿಸಿ ಉಳಿದ ಕಾಯಿಗಳನ್ನ ಕಪಾಟಿನ ಕೆಳಗೆ ಜೋಡಿಸಿದ್ದರು. ಹಿಂದಿನ ಬೀದಿ ಅಜ್ಜಿ ಬಂದು ನೋಡಿ, "ಎರಡು ಕಾಯಿ ಕೊಡವ್ವ, ಮನೇಲಿ ಚಟ್ನಿಗಿಲ್ಲ," ಅಂದಳು.

"ಅಜ್ಜಿ, ಇದು ಲೈಬ್ರರಿದು."

"ಅದಕ್ಕೇ ಕಣವ್ವ ಕೇಳಿದ್ದು. ಹದಿನೈದು ದಿನಕ್ಕೆ ವಾಪಸ್ ತಂದ್ಕೊಡ್ತೀನಿ, ಬರ್ಕೋ."

ಫ್ಯಾನಿನ ಕೆಳಗಿನ ಓದು

ಉತ್ತಮ ಓದುಗ ಯಾರು ಅಂತ ಗೊತ್ತಾದ ದಿನ ನನ್ನ ಕೈಲಿ ಒಬ್ಬರ ಪ್ಯಾಂಟ್ ಎರಡು ಇಂಚು ಗಿಡ್ಡ ಆಯಿತು.

ನನ್ನ ಬಾಮೈದ!

ಅವನು ಓದೋದು ಏನು? ಪೇಪರಿನಲ್ಲಿ ಕೊಬ್ಬರಿ ರೇಟು. ಅದಾದ ಮೇಲೆ ಫ್ಯಾನಿನ ಕೆಳಗಿನ ಕುರ್ಚಿ ಹಿಡಿದು ಗೊರಕೆ. ನಾನು ಸೀದಾ ರಸ್ತೆ ದಾಟಿದೆ.

"ಮೇಡಂ, ಇದು ಯಾವ ನ್ಯಾಯ? ನಾನು ಓದಿಲ್ವಾ?"

"ನೀವು ಪುಸ್ತಕ ಅಂಗಡಿಗೆ ತಗೊಂಡು ಹೋಗ್ತೀರಿ, ನಾನು ನೋಡಿದ್ದೆಲ್ಲಿ? ಅವರು ನೋಡಿ, ಬಾಗಿಲು ತೆಗೆಯೋಕೆ ಮುಂಚೆ ನಿಂತಿರ್ತಾರೆ. ಮುಚ್ಚೋವಾಗ ನಾನೇ ಎಬ್ಬಿಸ್ಬೇಕು. ಅಷ್ಟು ಹೊತ್ತು ಇನ್ಯಾರು ಕೂತ್ಕೋತಾರೆ ಹೇಳಿ?"

ಮನೆಗೆ ಬಂದು ಹೆಂಡತಿ ಹತ್ತಿರ ಕೂಗಾಡಿದೆ. ತಮ್ಮನ ಸುದ್ದಿ ಕೇಳಿ ಅವಳು ಒಬ್ಬಟ್ಟಿಗೆ ಬೇಳೆ ಬೇಯೋಕಿಟ್ಟಳು. ನನ್ನ ಹೊಟ್ಟೇಲಿ ಬೆಂಕಿ, ಒಲೆ ಮೇಲೆ ಬೇಳೆ. ಒಬ್ಬಟ್ಟು ಮಾತ್ರ ಚೆನ್ನಾಗಿತ್ತು. ನಾಲ್ಕು ತಿಂದೆ, ಸಿಟ್ಟಿಗೆ.

ಪರದೆ

ಗಾಯದ ಮೇಲೆ ಉಪ್ಪು ಹಾಕೋ ಕೆಲಸ ಇನ್ನೂ ಬಾಕಿ ಇತ್ತು. ಫೋಟೋ ಅನಾವರಣಕ್ಕೆ ಮಕಮಲ್ಲಿನ ಪರದೆ ಬೇಕಂತೆ. ಊರಲ್ಲಿ ಇರೋ ಟೈಲರ್ ನಾನೊಬ್ಬನೇ.

ಕೊರಳಿಗೆ ಟೇಪು ಹಾಕ್ಕೊಂಡು ಗೋಡೆ ಅಳತೆಗೆ ಹೋದೆ. ಅದೇ ಹೊತ್ತಿಗೆ ಮೇಡಂ ಬಾಮೈದನ ಫೋಟೋ ತೆಗೀತಾ ಇದ್ದರು. "ಪೋಸ್ ಬೇಡ, ದಿನಾ ಓದೋ ಹಾಗೇ ಕೂತ್ಕಳಿ," ಅಂದರು ಮೊಬೈಲ್ ಹಿಡಿದು. ಅವನು ಎರಡೂ ಕೈ ಅಗಲಿಸಿ ಪೇಪರ್ ಬಿಚ್ಚಿಕೊಂಡು ಕೂತ. ನಾನು ಅವನ ಬೆನ್ನ ಹಿಂದೆ ನಿಂತು ನೋಡ್ತಾ ಇದ್ದೆ. ನೋಡದೆ ಇನ್ನೇನು ಮಾಡ್ಲಿ?

"ಭಾವ, ಪರದೆ ವಸಿ ದೊಡ್ಡದಾಗೇ ಇರ್ಲಿ," ಅಂದ ಪೇಪರಿನ ಹಿಂದಿನಿಂದ. "ಫೋಟೋ ದೊಡ್ಡದಂತೆ."

"ಆಯ್ತು ಕಣಪ್ಪ. ನಿನಗೂ ಒಂದು ಹೊಲೀಲಾ, ಮುಖ ಮುಚ್ಕೊಳ್ಳಾಕೆ?" ಅಂದೆ.

"ನಂಗ್ಯಾಕೆ ಭಾವ, ಪೇಪರ್ ಅದೆಯಲ್ಲ."

ದಿಂಬಿನ ಎತ್ತರ

ಹಬ್ಬದ ದಿನ ಶಾಮಿಯಾನ, ಎಳನೀರು, ಕುರ್ಚಿ ಸಾಲದಷ್ಟು ಜನ. ಓದುಗರ ಅನುಭವ ಅಂತ ಒಂದು ಕಾರ್ಯಕ್ರಮ. ನಾನು ನಾಲ್ಕು ಪುಟ ಬರೆದು, ಮಿಷಿನ್ ಮುಂದೆ ಕೂತು ಬಾಯಿಪಾಠ ಮಾಡಿದ್ದೆ. ಎದ್ದು ನಿಂತು "ಸಭಿಕರೇ" ಅಂದೆ, ಕರೆಂಟು ಹೋಯ್ತು. ಬರೋ ಹೊತ್ತಿಗೆ ನನ್ನ ಸರದಿ ಮುಗಿದಿತ್ತು.

ಬಾಮೈದನ ಸರದಿ ಬಂತು. ಕೊಬ್ಬರಿ ಹಾರ ಆಗಲೇ ಕೊರಳಲ್ಲಿ. ಮುಖ್ಯ ಅತಿಥಿಗಳು ಕೇಳಿದರು: "ಈ ಲೈಬ್ರರಿಯಲ್ಲಿ ನಿಮಗೆ ತುಂಬ ಇಷ್ಟವಾದ ಪುಸ್ತಕ ಯಾವುದು?"

ಸಿಕ್ಕಿಬಿದ್ದ ನನ್ಮಗ, ಅಂತ ನಾನು ಕುರ್ಚಿ ತುದಿಗೆ ಜರುಗಿದೆ.

ಅವನು ಯೋಚನೆನೂ ಮಾಡಲಿಲ್ಲ. "ಆ ದಪ್ಪನೆ ನಿಘಂಟು ಸ್ವಾಮಿ. ತಲೆಗೆ ಇಟ್ಕಂಡ್ರೆ ದಿಂಬಿನ ಎತ್ತರ ಸರಿಯಾಗಿ ಬತ್ತದೆ."

ಶಾಮಿಯಾನ ಹಾರಿಹೋಗೋ ಹಾಗೆ ಚಪ್ಪಾಳೆ. ಅತಿಥಿಗಳು ಕಣ್ಣೊರೆಸಿಕೊಂಡು ನಕ್ಕರು. ನನ್ನ ನಾಲ್ಕು ಪುಟ ಜೇಬಲ್ಲೇ ಬೆವರಿಗೆ ನೆನೆದು ಒದ್ದೆಯಾಯ್ತು.

ಒಂದೇ ಮುಖ

ಫೋಟೋ ಇನ್ನೂ ಬಂದಿರಲಿಲ್ಲ. ಮೇಡಂ ಅದನ್ನ ಮೊಬೈಲಿನಲ್ಲೇ ತಿಪಟೂರಿನ ಒಂದು ಸ್ಟುಡಿಯೋಗೆ ಕಳಿಸಿ, "ಓದುಗರ ಮುಖ ದೊಡ್ಡದಾಗಿ ಬರಲಿ" ಅಂತ ಹೇಳಿದ್ದರಂತೆ. ಭಾಷಣ ನಡೀತಿದ್ದಾಗ ಸ್ಟುಡಿಯೋದವನು ಬಸ್ಸಿಳಿದು ಓಡಿಬಂದ. ಕಾಗದ ಸುತ್ತಿದ ಕಟ್ಟನ್ನ ಪರದೆ ಹಿಂದಕ್ಕೆ ಒಯ್ದು, ಅಲ್ಲೇ ಬಿಚ್ಚಿ, ತಾನೇ ಮೊಳೆಗೆ ನೇತುಹಾಕಿದ. ಅವನಿಗೆ ನಮ್ಮೂರಲ್ಲಿ ಯಾರ ಪರಿಚಯವೂ ಇಲ್ಲ.

ಅತಿಥಿಗಳು ಹಗ್ಗ ಎಳೆದರು. ನಾನು ಹೊಲಿದ ಪರದೆ, ಹಾಳಾದ್ದು, ಬೆಣ್ಣೆ ಜಾರಿದ ಹಾಗೆ ಸರಿಯಿತು.

ಸಭೆಯೆಲ್ಲ ಕತ್ತು ಉದ್ದ ಮಾಡಿ ನೋಡಿತು.

ಗೋಡೆ ಮೇಲೆ ನಾನು! ಕೊರಳಲ್ಲಿ ಟೇಪು, ಗಂಟಿಕ್ಕಿದ ಹುಬ್ಬು, ಒಂದು ಕಡೆಗೆ ಸೊಟ್ಟಗಾದ ಬಾಯಿ, ಮೆಣಸಿನಕಾಯಿ ಅರೆದ ಹಾಗೆ ಕೆಂಪು ಕಣ್ಣು. ಕೆಳಗೆ ಬಂಗಾರದ ಅಕ್ಷರದಲ್ಲಿ "ಉತ್ತಮ ಓದುಗ" ಅಂತ ಬಾಮೈದನ ಹೆಸರು.

"ಏನ್ರೀ ಇದು?" ಅಂತ ಮೇಡಂ ಸ್ಟುಡಿಯೋದವನನ್ನ ಹಿಡಿದುಕೊಂಡರು.

"ನಾನೇನ್ ಮಾಡ್ಲಿ ಮೇಡಂ? ಮುಂದೆ ಕೂತೋರಿಗೆ ಪೇಪರ್ ಬಿಟ್ರೆ ಮುಖನೇ ಇಲ್ಲ. ಇಡೀ ಫೋಟೋದಲ್ಲಿ ಇದ್ದಿದ್ದು ಇದೊಂದೇ ಮುಖ. ದೊಡ್ಡದು ಮಾಡ್ದೆ."

ಜನ ಬಿದ್ದು ಬಿದ್ದು ನಕ್ಕರು. ಬೇರೆ ಫೋಟೋ ಹಾಕಿಸ್ತೀನಿ ಅಂದರು ಮೇಡಂ. ಬಾಮೈದ ಬಿಡಲಿಲ್ಲ. "ಇರ್ಲಿ ಬುಡಿ ಮೇಡಂ. ಹೆಸರು ನಂದು, ಮುಖ ನಮ್ಮ ಭಾವಂದು. ಎಲ್ಲಾ ಮನೇಲೇ ಉಳೀತು," ಅಂದು ತನ್ನ ಕೊಬ್ಬರಿ ಹಾರ ತೆಗೆದು ನನ್ನ ಕೊರಳಿಗೆ ಹಾಕಿದ. ಆಗಲೂ ಚಪ್ಪಾಳೆ ಅವನಿಗೇ!

ಮನೆ ದಾರಿಯಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡೇ ಬಂದಳು. ಬಾಗಿಲ ಬೀಗ ತೆಗೆಯೋವಾಗ ಕೊನೆಗೂ ಅಂದಳು:

"ಮದುವೆ ಆದಾಗಿನಿಂದ ಹೇಳ್ತಾನೇ ಇದೀನಿ, ನನ್ನ ತಮ್ಮನ್ನ ಕಂಡರೆ ನೀವು ಹಿಂಗೇ ನೋಡ್ತೀರ ಅಂತ. ನೀವು ಒಪ್ಕೊಳ್ಳಲೇ ಇಲ್ಲ. ಈಗ ನೋಡಿ, ಸರ್ಕಾರದೋರೇ ಕಟ್ಟು ಹಾಕಿಸಿ ಗೋಡೆಗೆ ನೇತಾಕವ್ರೆ!"